ಸತ್ತವರನ್ನೊಂದು ಬಿಟ್ಟು

ಆ ವರ್ಷ ನದಿ ಏರುವ ಕಾಲಕ್ಕೆ ಏರಲಿಲ್ಲ. ಬೆಳಗಿನ ಜಾವದ ದೊಡ್ಡ ನಕ್ಷತ್ರ ಮೂಡಣದಲ್ಲಿ ಕಾಣಿಸಿಕೊಂಡಿತ್ತು, ಹೆಂಗಸರು ಹೊಸ ನೀರಿಗೆಂದು ಗಡಿಗೆ ತೊಳೆದು ಬೋರಲು ಹಾಕಿದ್ದರು, ಗಂಡಸರು ಕಾಲುವೆಯ ಬಾಯಿ ಬಿಡಿಸಿ ಕಾದು ಕೂತಿದ್ದರು. ನದಿ ಹಸಿರು ಬಣ್ಣಕ್ಕೆ ತಿರುಗಿತು. ಅದು ಪ್ರತಿ ವರ್ಷದ ಮಾತೇ. ಹಸಿರಿನ ಬೆನ್ನಿಗೇ ಕೆಂಪು ನೀರು ಬಂದು ಹೊಲವೆಲ್ಲ ತುಂಬುತ್ತದೆ. ಈ ಸಲ ಹಸಿರು ಹಸಿರಾಗಿಯೇ ನಿಂತುಬಿಟ್ಟಿತು. ನಾತ ಹೊಡೆಯತೊಡಗಿತು. ಮೀನುಗಳು ಹೊಟ್ಟೆ ಮೇಲೆ ಮಾಡಿಕೊಂಡು ದಡಕ್ಕೆ ಬಂದವು.

ತ್ಮೋನೆ ಊರಿನವರು ಸಂಜೆಯಾದರೆ ಪ್ರಾರ್ಥನೆಯ ಮನೆಯ ಅಂಗಳಕ್ಕೆ ಬಂದು ಕೂರುತ್ತಿದ್ದರು. ಅಲ್ಲಿ ಪಮೂರ್ ಲೋಕದ ಕಡೆಗಾಲದ ಪುಸ್ತಕ ಹೇಳುತ್ತಿದ್ದ. ಓದುತ್ತಿದ್ದ ಎನ್ನುವಂತಿಲ್ಲ. ಅವನು ಊರಿನ ವಾಚಕನೇ, ಆದರೆ ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣದೆ ಎಷ್ಟೋ ಕಾಲವಾಗಿತ್ತು. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಹಾಳೆ ತಿರುಗಿಸುತ್ತಾ, ಬಾಯಿಪಾಠ ಹೇಳುತ್ತಿದ್ದ. ದನಿ ಮಾತ್ರ ಎಂಥದು ಅಂದರೆ, ನಡು ಹೊಳೆಯಲ್ಲಿ ದೋಣಿ ನಿಲ್ಲಿಸಿದವನಿಗೂ ಕೇಳುತ್ತಿತ್ತು.

"ನದಿ ತನ್ನ ಹಾದಿ ಮರೆಯುವ ದಿನ ಬರುತ್ತದೆ," ಎಂದು ಅವನು ಎತ್ತಿಕೊಳ್ಳುತ್ತಿದ್ದ. "ಅಂದು ಕಪಟಿ ಬರುತ್ತಾನೆ. ಕುಂಟನನ್ನು ನಡೆಸುತ್ತಾನೆ. ಕುರುಡನಿಗೆ ಬೆಳಕು ಕೊಡುತ್ತಾನೆ. ಅವನ ಕೈಯಿಂದ ತೆಗೆದುಕೊಂಡವರು ಅವನವರಾಗುತ್ತಾರೆ. ನಮ್ಮ ಕರ್ತನು ಮಾಡಿದ್ದನ್ನೆಲ್ಲ ಅವನೂ ಮಾಡುತ್ತಾನೆ."

ಆಗ ಅಂಗಳದಲ್ಲಿದ್ದವರೆಲ್ಲ ಒಂದೇ ಉಸಿರಿಗೆ, "ಸತ್ತವರನ್ನೊಂದು ಬಿಟ್ಟು," ಅನ್ನಬೇಕು. ಅದು ಅಲ್ಲಿಯ ರೂಢಿ. ಮಾತು ಬಾರದ ಕೂಸೂ ತಾಯಿಯ ತೊಡೆಯ ಮೇಲೆ ಕೂತು ಅದಕ್ಕೆ ತಲೆಯಾಡಿಸುತ್ತಿತ್ತು. ಎಂಥ ಪವಾಡವನ್ನಾದರೂ ಕಪಟಿ ಮಾಡಿಯಾನು, ಸತ್ತವರನ್ನು ಎಬ್ಬಿಸುವುದು ಅವನಿಂದಾಗದು. ಕರ್ತನ ವೇಷದಲ್ಲಿ ಬಂದು ಲೋಕ ಮುಳುಗಿಸುವ ಅವನನ್ನು ಗುರುತು ಹಿಡಿಯಲು ದೇವರು ಉಳಿಸಿಕೊಟ್ಟಿರುವ ದಾರಿ ಅದೊಂದೇ ಎಂದು ಊರವರು ನಂಬಿದ್ದರು.

ತಬೇಸ್ ಕೂಡ ಅನ್ನುತ್ತಿದ್ದಳು. ಅವಳು ಪಮೂರನ ತಮ್ಮನ ಹೆಂಡತಿ. ಚಕ್ರವರ್ತಿಯ ಆಳುಗಳು ಯೇಸುವಿನವರನ್ನು ಹಿಡಿದೊಯ್ಯುತ್ತಿದ್ದ ಕೆಟ್ಟ ಕಾಲದಲ್ಲಿ ಅವಳ ಗಂಡನನ್ನು ಕಲ್ಲುಗಣಿಗೆ ಒಯ್ದಿದ್ದರು. ಅವನು ತಿರುಗಿ ಬರಲಿಲ್ಲ. ಆಗ ಹೊಟ್ಟೆಯಲ್ಲಿದ್ದ ನೋನ್ನಾ ಈಗ ಅಗಸೆಯ ನಾರು ಹೊಸೆಯುವಷ್ಟು ದೊಡ್ಡವಳಾಗಿದ್ದಳು. ತಾಯಿ ಮಗಳು ನೂಲು ತೆಗೆದು, ನೇಯ್ದು, ಹೊಟ್ಟೆ ಹೊರೆದುಕೊಂಡಿದ್ದರು. ಮೈದುನ ಇಲ್ಲ, ಅಣ್ಣ ತಮ್ಮಂದಿರಿಲ್ಲ. ಇದ್ದವನು ಭಾವ ಪಮೂರನೊಬ್ಬ. ಅವನು ಮದುವೆಯಾಗಿರಲಿಲ್ಲ. ನಗುವುದು ಅಪರೂಪ, ಹಬ್ಬದ ದಿನ ಖರ್ಜೂರ ತಂದು ನೋನ್ನಾಳ ಮಡಿಲಿಗೆ ಹಾಕಿ ಮಾತಿಲ್ಲದೆ ಹೋಗುವನು.

ನದಿ ಹಾಗೆ ಹಸಿರಾಗಿ ನಿಂತಿದ್ದಾಗಲೇ ಪೆತೆಮಿನ್ ಊರಿಗೆ ಬಂದ. ದೋಣಿಯ ಲಮ್ಮೋನ್ ಅವನನ್ನು ಕೆಳಗಿನ ಪಟ್ಟಣದಿಂದ ಕರೆತಂದಿದ್ದ. ಮುದುಕ, ಬೋಳು ತಲೆ, ಕೈಗೆ ಎಷ್ಟು ತೊಳೆದರೂ ಹೋಗದ ರಾಳದ ವಾಸನೆ. ಹಿಂದೆ ಸತ್ತವರ ಮೈಗೆ ಉಪ್ಪು ಹಚ್ಚಿ, ಬಟ್ಟೆ ಸುತ್ತಿ, ಕೆಡದಂತೆ ಮಾಡುವ ಕಸುಬಿನವನಂತೆ. ಆ ಕಸುಬು ಕೇಳುವವರು ಕಡಿಮೆಯಾದ ಮೇಲೆ ಬದುಕಿದ್ದವರಿಗೆ ಔಷಧ ಕೊಡುತ್ತಾ ತಿರುಗುತ್ತಿದ್ದ. ಅವನ ಹೆಸರಿನಲ್ಲೇ ಯೇಸುವಿಗೆ ಮೊದಲಿನ ಹಳೆಯ ದೇವರೊಬ್ಬನ ಹೆಸರಿತ್ತು. ಅದನ್ನು ಅವನು ಬದಲಿಸಿಕೊಂಡೂ ಇರಲಿಲ್ಲ.

"ಹೆಸರು ಬದಲಾಯಿಸ್ಕೊಳ್ಳಕ್ಕೆ ಏನಪ್ಪಾ ಕಷ್ಟ?" ಎಂದು ತಬೇಸಳ ನೆರೆಮನೆಯ ಹೆರಾಯಿ ಕೇಳಿದ್ದಳು. ಅವಳ ನಾಲಗೆಗೆ ಊರೇ ಹೆದರುತ್ತಿತ್ತು.

"ಈ ಹೆಸರು ಹಿಡಿದು ಕರೆಯೋರೆಲ್ಲ ಸತ್ತೋದ್ರು ತಾಯೀ. ಹೊಸ ಹೆಸರಿಟ್ಕೊಂಡು ಯಾರತ್ರ ಕರೆಸ್ಕೊಳ್ಳಲಿ?" ಅಂದ ಮುದುಕ.

ಅವನು ಲಮ್ಮೋನನ ಕೀಲು ತಪ್ಪಿದ ಭುಜವನ್ನು ಒಂದೇ ಎಳೆತಕ್ಕೆ ಕೂರಿಸಿದ. ಹೆರಾಯಿಯ ಗಂಡ ಪಿಯೆನೆಗೆ ಕಣ್ಣು ಅಂಟಿಕೊಂಡು ಹಗಲೇ ಕತ್ತಲಾಗಿತ್ತು. ಅದೇನೋ ಹಸಿರು ಪುಡಿ ಹಚ್ಚಿ, ಕಟ್ಟಿ, ಬಿಚ್ಚಿದ ಮೇಲೆ ಪಿಯೆನೆ ಖರ್ಜೂರದ ಮರ ಹತ್ತಿ ಗೊನೆ ಕಟ್ಟಿದ. ಪ್ರಾರ್ಥನೆಯ ಮನೆಯ ಮುಂದೆ ಹಾದುಹೋಗುವಾಗ ಮುದುಕ ಪಮೂರನನ್ನೂ ಮಾತಾಡಿಸಿದ. "ನಿನ್ನ ಪೊರೆ ಹಣ್ಣಾಗೈತೆ. ಬಾ, ಸೂಜೀಲಿ ಸರಿಸ್ತೀನಿ. ಪುಸ್ತಕ ಕಾಣ್ಸುತ್ತೆ."

ಪಮೂರ್, "ಪುಸ್ತಕ ಕಾಣ್ದೇ ಇದ್ರೂ ನೀನು ಕಾಣ್ತಿದೀಯ," ಅಂದ.

ಮಾತು ಅಷ್ಟೇ. ಊರಿಗೆ ಅಷ್ಟೇ ಸಾಕಾಯಿತು. ಕುಂಟ ನಡೆದ ಹಾಗೆ ಭುಜ ಕೂತಿತ್ತು, ಕುರುಡನಿಗೆ ಬೆಳಕಾಗಿತ್ತು, ನದಿ ಹಾದಿ ಮರೆತಿತ್ತು. ಪುಸ್ತಕದಲ್ಲಿದ್ದದ್ದೆಲ್ಲ ಸಾಲಾಗಿ ಬಂದು ಅಂಗಳದಲ್ಲಿ ಕೂತಂತಾಯಿತು.

ನೋನ್ನಾಳಿಗೆ ಜ್ವರ ಹಿಡಿದದ್ದು ಅದೇ ವಾರ. ದಿನ ಬಿಟ್ಟು ದಿನ ನಡುಕ ಬಂದು, ಹಲ್ಲು ಕಟಕಟ ಕಡಿದು, ಆಮೇಲೆ ಮೈ ಬೆಂಕಿಯಾಗುತ್ತಿತ್ತು. ತಬೇಸ್ ಮುದುಕನನ್ನು ಕರೆತಂದಳು. ಅವನು ತೊಗಟೆಯೊಂದನ್ನು ಕುದಿಸಿ ಕಷಾಯ ಮಾಡಿ ಒಂದು ಸಲ ಕುಡಿಸಿದ. "ನಾಳೆ ಬರ್ತೀನಿ," ಅಂದ. ಆ ನಾಳೆ ಬರುವ ಮೊದಲೇ ಊರಿನ ಯಜಮಾನ ಕಮೇ ಜನ ಕಟ್ಟಿಕೊಂಡು ಬಂದು ಅವನನ್ನು ಹಿಡಿದ.

ಊರಾಚೆ ಪಾರಿವಾಳದ ಗೋಪುರವೊಂದಿತ್ತು, ಮಣ್ಣಿನ ಇಟ್ಟಿಗೆಯದು, ಒಳಗೆ ಗೊಬ್ಬರದ ನಾತ. ಮುದುಕನನ್ನು ಅದರೊಳಗೆ ಕೂರಿಸಿ ಬಾಗಿಲಿಗೆ ಇಟ್ಟಿಗೆ ಇಟ್ಟರು. ಮನೆಗೊಂದು ಇಟ್ಟಿಗೆ. ಊರು ಕೂಡಿ ಮಾಡುವ ಕಠಿಣ ಕೆಲಸಕ್ಕೆಲ್ಲ ಅಲ್ಲಿ ಹಾಗೆಯೇ: ಯಾರೊಬ್ಬರ ಕೈಗೂ ಪಾಪ ಅಂಟಬಾರದು, ಎಲ್ಲರ ಕೈಗೂ ಮಣ್ಣು ಅಂಟಬೇಕು. ತಬೇಸಳೂ ಒಂದು ಇಟ್ಟು ಬಂದಳು. ನೀರು ಕೊಡಲೆಂದು ಎದೆಯೆತ್ತರದಲ್ಲಿ ಒಂದು ಇಟ್ಟಿಗೆಯಷ್ಟು ಕಿಂಡಿ ಬಿಟ್ಟರು.

"ಕೊಲ್ಲೋದಲ್ಲ," ಎಂದ ಕಮೇ. "ನಾವೇನು ಚಕ್ರವರ್ತಿಯ ಆಳುಗಳಲ್ಲ. ಪರೀಕ್ಷೆ ಮಾಡೋಣ. ಊರಲ್ಲಿ ಯಾರಾದ್ರೂ ಸತ್ರೆ ಅವನ ಮುಂದೆ ಮಲಗಿಸೋಣ. ಎಬ್ಬಿಸಿದ್ರೆ ಕಾಲಿಗೆ ಬೀಳೋಣ. ಎಬ್ಬಿಸ್ಲಿಲ್ಲ ಅಂದ್ರೆ ಅವನು ಯಾರು ಅಂತ ಗೊತ್ತಾಗುತ್ತೆ. ಆಮೇಲೆ ಕಲ್ಲು."

ಎಲ್ಲರಿಗೂ ಅದು ನ್ಯಾಯವಾಗಿಯೇ ಕಂಡಿತು. ಆದರೆ ಊರಲ್ಲಿ ಯಾರೂ ಸತ್ತಿರಲಿಲ್ಲ.

ಮರುದಿನದಿಂದ ತಬೇಸಳ ಮನೆಗೆ ಜನ ಬರತೊಡಗಿದರು. ಎಂದೂ ಹೊಸಿಲು ತುಳಿಯದವರು ಬೇಳೆಯ ಗಂಜಿ ತಂದರು, ಈರುಳ್ಳಿ ತಂದರು. ಚಾಪೆಯ ಅಂಚಿನಲ್ಲಿ ಕೂತು ನೋನ್ನಾಳ ಮುಖ ನೋಡುತ್ತಾ ಕೂರುವರು. "ಹೇಗಿದಾಳೆ?" ಎಂದು ಮೆಲ್ಲಗೆ ಕೇಳುವರು. "ಇವತ್ತು ಪರವಾಗಿಲ್ಲ," ಅಂದರೆ, "ಹೌದಾ," ಅನ್ನುವರು. ಆ ಹೌದಾದಲ್ಲಿ ಏನೋ ಒಂದು ಕೊರತೆ ಇತ್ತು. ತಬೇಸಳಿಗೆ ಮೊದಲು ಅರ್ಥವಾಗಲಿಲ್ಲ. ಮೂಲೆಯಲ್ಲಿ ನಿಂತು ನೋಡುತ್ತಾ ನೋಡುತ್ತಾ ಅರ್ಥವಾಯಿತು. ಕಾಲುವೆಯ ಬಾಯಲ್ಲಿ ಕೂತು ನೀರಿಗೆ ಕಾಯುತ್ತಾರಲ್ಲ, ಹಾಗೆ ಕಾಯುತ್ತಿದ್ದರು.

ಹೆರಾಯಿ ಒಂದು ನಾರುಬಟ್ಟೆಯನ್ನೇ ತಂದಳು. ಬಿಳಿಯದು, ಹೊಸದು, ಉದ್ದವಾದದ್ದು.

"ಇದ್ಯಾಕೆ?" ಅಂದಳು ತಬೇಸ್.

"ಇರ್ಲಿ ಕಣೇ. ಮನೇಲಿ ಒಂದು ಬಟ್ಟೆ ಇದ್ರೆ ಒಳ್ಳೇದು."

"ನಾನು ನೇಯೋಳು ಹೆರಾಯಿ. ನಮ್ಮನೇಲಿ ಬಟ್ಟೆಗೆ ಬರ ಇಲ್ಲ."

"ನೀನು ನೇಯೋದು ಮಾರಕ್ಕೆ. ಇದು ಹಂಗಲ್ಲ." ಹೆರಾಯಿ ಬಟ್ಟೆಯನ್ನು ಮಗುವಿನ ಕಾಲ ಬಳಿ ಇಟ್ಟು, ಮಡಿಕೆ ಸರಿಮಾಡಿದಳು. ಕೆಟ್ಟ ಹೆಂಗಸಲ್ಲ ಅವಳು. ಗಂಡನ ಕಣ್ಣು ಕಪಟಿಯ ಕೈಯಿಂದ ಬಂದದ್ದೋ ದೇವರ ಕೈಯಿಂದ ಬಂದದ್ದೋ ತಿಳಿಯದೆ ನಿದ್ದೆಗೆಟ್ಟಿದ್ದಳು. "ನಮ್ಮ ಪಿಯೆನೆ ಪ್ರಾರ್ಥನೆಯ ಮನೆಗೆ ಬಂದ್ರೆ ಜನ ಪಕ್ಕಕ್ಕೆ ಸರೀತಾರೆ ಕಣೇ. ಆದಷ್ಟು ಬೇಗ ಒಂದು ತೀರ್ಮಾನ ಆಗ್ಬೇಕು."

"ನನ್ನ ಮಗಳು ಸತ್ರೆ ತೀರ್ಮಾನ."

"ನಾನು ಹಂಗಂದ್ನಾ?"

"ಅನ್ಲಿಲ್ಲ. ಬಟ್ಟೆ ತಂದೆ."

ಪಮೂರನೂ ಬಂದ. ಪ್ರಾರ್ಥನೆ ಮಾಡಿದ ಎಣ್ಣೆ ತಂದು, ಕೈಯಾಡಿಸಿ ಮಗುವಿನ ಹಣೆ ಹುಡುಕಿ ಹಚ್ಚಿದ. "ದೊಡ್ಡಪ್ಪಾ, ತಣ್ಣಗಿದೆ," ಅಂದಳು ನೋನ್ನಾ. ಅವನು ಗೋಡೆಯ ಕಡೆ ತಿರುಗಿ ನಿಂತ. ಹೋಗುವಾಗ ತಬೇಸಳಿಗೆ, "ಅವನ ಕೈಯಿಂದ ಇನ್ನೇನೂ ತಗೋಬೇಡಮ್ಮಾ. ಒಂದ್ಸಲ ತಿಳೀದೆ ತಗೊಂಡಿದ್ದು ಬೇರೆ. ತಿಳಿದು ತಗೊಂಡ್ರೆ ಮಗು ಅವನದಾಗುತ್ತೆ. ನಾನು ಓದೋ ಕಡೆ ನನ್ನ ತಮ್ಮನ ಮಗಳು ನಿಲ್ಲೋ ಹಂಗಿರಲ್ಲ," ಅಂದ.

ಆ ರಾತ್ರಿ ನಡುಕ ಇನ್ನೂ ಜೋರಾಗಿ ಬಂತು.

ಮರುದಿನ ನಡು ಮಧ್ಯಾಹ್ನ, ನಾಯಿಗಳೂ ನೆರಳು ಹುಡುಕಿಕೊಂಡು ಮಲಗಿದ ಹೊತ್ತಿನಲ್ಲಿ, ತಬೇಸ್ ಗೋಪುರದ ಕಿಂಡಿಗೆ ಬಾಯಿಟ್ಟಳು. "ಅಜ್ಜಾ."

ಒಳಗಿನಿಂದ ಪಾರಿವಾಳಗಳ ಗುಟುಗುಟು ಬಂತು. ಆಮೇಲೆ ಮುದುಕನ ದನಿ. "ಯಾರು? ನೀರಾ, ಹೆಣಾನಾ?"

"ನಾನು. ನೋನ್ನಾಳ ತಾಯಿ."

"ಓ. ಸತ್ಲಾ?"

"ಇಲ್ಲ."

"ಹಾಗಾದ್ರೆ ನಾನೂ ಇನ್ನೂ ಇದೀನಿ." ಮುದುಕ ಕಿಂಡಿಯ ಹತ್ತಿರ ತೆವಳಿದ. ಗಡ್ಡದ ತುಂಬ ಪುಕ್ಕ ಅಂಟಿತ್ತು. "ಒಂದು ಆಯುಷ್ಯ ಪೂರ್ತಿ ಸತ್ತವರ ಜೊತೆ ಕಳೆದೋನು ನಾನು, ಮಗಳೇ. ತೊಳೆದಿದೀನಿ, ಸುತ್ತಿದೀನಿ, ಬೈದಿದೀನಿ, ಕಥೆ ಹೇಳಿದೀನಿ. ಒಬ್ಬರಾದ್ರೂ ಎದ್ದು ಕೂತು ಸಾಕು ನಿಲ್ಸಯ್ಯಾ ಅನ್ಲಿಲ್ಲ. ನಿನ್ನ ಮಗಳೂ ಅನ್ನಲ್ಲ. ಸಾಯೋಕೆ ಬಿಡಬೇಡ."

"ಔಷಧ?"

ಅವನು ಸೊಂಟದ ಗಂಟು ಬಿಚ್ಚಿ ತೊಗಟೆಯ ಚೂರುಗಳನ್ನು ಕಿಂಡಿಯಲ್ಲಿ ತೂರಿಸಿದ. "ಹೊಳೆ ದಂಡೆ ಮೇಲೆ ಎಲೆ ಜೋತುಬಿದ್ದ ಮರ ಐತಲ್ಲ, ಅದರದೇ. ಕಮೇಯ ಆಡು ದಿನಾ ತಿನ್ನುತ್ತೆ. ಅದು ಯಾರ ಕಡೆದು ಅಂತ ಕೇಳು ಅವನ್ನ."

ತಬೇಸಳಿಗೆ ನಗು ಬರಲಿಲ್ಲ. ತೊಗಟೆಯನ್ನು ಸೆರಗಿಗೆ ಕಟ್ಟಿಕೊಂಡಳು. "ಇವಳು ಬದುಕಿದ್ರೆ ಅಜ್ಜಾ, ನಿನ್ನ ಕೈಯಿಂದ ಬದುಕಿದ್ಲು ಅಂತಾರೆ. ಇವಳ ಮುಖಾನೂ ಯಾರೂ ನೋಡಲ್ಲ. ನಿನ್ನನ್ನೂ ಬಿಡಲ್ಲ."

"ಎಣ್ಣೆ ಹಚ್ಚಿದ್ರಾ?"

"ಭಾವ ಹಚ್ಚಿದ್ರು."

"ಎಣ್ಣೆಯಿಂದ ಆಯ್ತು ಅನ್ನು. ನನ್ನ ಕಷಾಯದಿಂದ ಏನೂ ಆಗ್ಲಿಲ್ಲ, ಮುದುಕ ಬರೀ ಸುಳ್ಳ ಅನ್ನು. ಕಪಟಿಗೆ ಕಲ್ಲು ಹೊಡೀತಾರೆ. ಬರೀ ಸುಳ್ಳನಿಗೆ ಯಾರು ಹೊಡೀತಾರೆ? ಈ ದೇಶದಲ್ಲಿ ಅಷ್ಟು ಕಲ್ಲಿಲ್ಲ."

ತಬೇಸ್ ಕಷಾಯ ಕಾಸಿ ಕುಡಿಸಿದಳು. ಕಹಿ ಎಂದು ಮಗು ಮುಖ ಕಿವಿಚಿತು. "ಯಾರಿಗೂ ಹೇಳ್ಬೇಡ," ಅಂದಳು. ಯಾಕೆಂದು ಮಗು ಕೇಳಲಿಲ್ಲ. ಜ್ವರ ಇಳಿಯಿತು, ಮತ್ತೆ ಬರುವ ದಿನ ಬರಲಿಲ್ಲ. ಇನ್ನೊಮ್ಮೆ ಬರಬೇಕಾದ ದಿನವೂ ಬರಲಿಲ್ಲ. ನೋನ್ನಾ ಎದ್ದು ಕೂತು ಹಸಿವು ಅಂದಳು. ಗಂಜಿ ತಂದವರೆಲ್ಲ ಪಾತ್ರೆ ತೆಗೆದುಕೊಂಡು ಹೋದರು.

ಭಾನುವಾರ ಪ್ರಾರ್ಥನೆಯ ಮನೆಯಲ್ಲಿ ತಬೇಸ್ ಮಗಳನ್ನು ಮುಂದೆ ನಿಲ್ಲಿಸಿಕೊಂಡು ಎಲ್ಲರೆದುರು ಹೇಳಿದಳು: ಮುದುಕ ಕೊಟ್ಟದ್ದು ಕೊಚ್ಚೆ ನೀರು, ಅದರಿಂದ ಜ್ವರ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ, ಭಾವ ಎಣ್ಣೆ ಹಚ್ಚಿದರು, ಮಗು ಕಣ್ಣು ಬಿಟ್ಟಳು. ಆ ಜಾಗದಲ್ಲಿ ಸುಳ್ಳಾಡುವುದು ಅಂದರೇನು ಎಂದು ಅವಳಿಗೆ ಗೊತ್ತಿತ್ತು. ಗಂಡ ಇಂಥದೇ ಒಂದು ಸುಳ್ಳಾಡಿದ್ದರೆ, ಚಕ್ರವರ್ತಿಯ ದೇವರಿಗೆ ಒಂದು ಚಿಟಿಕೆ ಧೂಪ ಹಾಕಿದ್ದರೆ, ಗಣಿಗೆ ಹೋಗುತ್ತಿರಲಿಲ್ಲ.

ಜನರಿಂದ ಒಂದು ದೊಡ್ಡ ಉಸಿರು ಹೊರಟಿತು. ಕವಿದ ಮೋಡ ಒಡೆದ ಹಾಗೆ ಯಾರೋ ನಕ್ಕರು.

"ಹಾಗಾದ್ರೆ ಇವನು ಕಪಟಿ ಅಲ್ವೇ ಅಲ್ಲ," ಅಂದಳು ಹೆರಾಯಿ. "ಜ್ವರ ಇಳಿಸಕ್ಕೆ ಬರ್ದೇ ಇರೋನು ಲೋಕ ಮುಳುಗಿಸ್ತಾನಾ? ನಮ್ಮ ಪಿಯೆನೆ ಕಣ್ಣೂ ತಾನಾಗೇ ತೊಳ್ಕೊಂಡು ಹೋಗಿರ್ಬೇಕು."

ಇಟ್ಟಿಗೆ ಬಿಚ್ಚಿದರು. ಮುದುಕ ಹೊರಬಂದು ಬಿಸಿಲಿಗೆ ಕಣ್ಣು ಕಿರಿದು ಮಾಡಿದ. ಹುಡುಗರು ಬೋಳುತಲೆಯ ಸುಳ್ಳ ಎಂದು ಕೂಗಿದರು. ಅವನು ತಲೆಬಾಗಿ ಒಪ್ಪಿಕೊಂಡ. ಲಮ್ಮೋನ್ ಅವನನ್ನು ದೋಣಿಗೆ ಹತ್ತಿಸಿಕೊಂಡು ಹೊಳೆಯ ಕೆಳಕ್ಕೆ ಬಿಟ್ಟುಬಂದ. ಅವನು ಮತ್ತೆ ಆ ಊರಿಗೆ ಬರಲಿಲ್ಲ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಒಂದು ಕಡೆ ಕಟ್ಟಿದ ನೀರು ಇನ್ನೊಂದು ಕಡೆ ನುಗ್ಗದೆ ಬಿಡುತ್ತದೆಯೇ. ಜನ ಪಮೂರನ ಬಾಗಿಲಿಗೆ ಬಂದರು. ಹೊಟ್ಟೆನೋವಿನವರು, ಎದೆಹಾಲು ಬತ್ತಿದವರು, ಮೇಲಿನೂರಿನ ಕುಂಟನೊಬ್ಬ. ಎಣ್ಣೆ, ಎಣ್ಣೆ ಎಂದರು. ಅವನು ಹಚ್ಚಿದ. ಹತ್ತು ಜನ ಬಂದ ಕಡೆ ನಾಲ್ಕು ಜನಕ್ಕೆ ತಾನಾಗಿಯೇ ವಾಸಿಯಾಗುವುದು ಲೋಕದ ರೀತಿ. ಆ ನಾಲ್ವರು ಹಾದಿಯುದ್ದಕ್ಕೂ ಹೇಳಿಕೊಂಡು ಹೋದರು. ಮೇಲಿನೂರಿನ ಕುಂಟ ಕೋಲು ಬಿಟ್ಟು ನಡೆದ ಎಂದು ಸುದ್ದಿ ಬಂತು. ನದಿ ಮಾತ್ರ ಹಸಿರಾಗಿಯೇ ಇತ್ತು.

ಒಂದು ಸಂಜೆ ಪಮೂರ್ ಪುಸ್ತಕ ಹೇಳುತ್ತಾ ಹೇಳುತ್ತಾ, ಕುಂಟನನ್ನು ನಡೆಸುತ್ತಾನೆ ಎಂಬ ಕಡೆ ನಿಂತುಬಿಟ್ಟ. ಮರೆತನೇನೋ ಎಂದು ಜನ ಕಾದರು. ಅವನು ಮುಂದೆ ಹೇಳದೆ ಪುಸ್ತಕ ಮುಚ್ಚಿ ಎದ್ದುಹೋದ.

ಮರುದಿನ ಬೆಳಿಗ್ಗೆ ತಬೇಸಳ ಮನೆಗೆ ಬಂದ. ಅವಳು ಮೊಣಕಾಲ ಮೇಲೆ ನಾರು ಹೊಸೆಯುತ್ತಿದ್ದಳು. ನೋನ್ನಾ ಹಿತ್ತಲಲ್ಲಿದ್ದಳು. ಅವನು ಗೋಡೆ ಹಿಡಿದುಕೊಂಡೇ ಕೂತ. ಮುಖ ಬೂದಿಯಾಗಿತ್ತು.

"ತಬೇಸ್, ಒಂದು ಕೇಳ್ತೀನಿ. ನಿಜ ಹೇಳ್ಬೇಕು."

"ಕೇಳಿ ಭಾವ."

"ಕಪಟಿ ಎಲ್ಲಿಂದಲೋ ಬರ್ತಾನೆ ಅಂತ ಪುಸ್ತಕದಲ್ಲಿಲ್ಲ. ತಾನು ಯಾರು ಅಂತ ಅವನಿಗೆ ಮೊದಲೇ ಗೊತ್ತಿರುತ್ತೆ ಅಂತಾನೂ ಇಲ್ಲ. ಎಷ್ಟು ಸಲ ಹೇಳಿದೀನಿ, ಒಂದಿನಾನೂ ಇದು ಹೊಳೀಲಿಲ್ಲ ನನಗೆ." ಅವನು ತನ್ನ ಎರಡೂ ಅಂಗೈಗಳನ್ನು ಕಾಣದ ಕಣ್ಣಿನ ಮುಂದೆ ಹಿಡಿದುಕೊಂಡ. "ಕುಂಟ ನಡೆದ. ಮಗು ಎದ್ದಳು. ನನ್ನ ಕೈ ಇದು, ಇದರಲ್ಲಿ ಯಾರು ಬಂದು ಕೂತಿದಾರೆ? ನಿನ್ನೆ ರಾತ್ರಿಯೆಲ್ಲ ಹೊಳೆಗೆ ಹೋಗಿಬಿಡೋಣ ಅಂತಿದ್ದೆ. ನಿಜ ಹೇಳು. ನೋನ್ನಾ ನನ್ನ ಎಣ್ಣೆಯಿಂದ ಎದ್ದಳಾ?"

ತಬೇಸ್ ನಾರನ್ನು ಬಿಡದೆ ಹೊಸೆಯುತ್ತಲೇ ಇದ್ದಳು. ಹೌದು ಅಂದರೆ ಈ ಮನುಷ್ಯ ಹೊಳೆಗೆ ಬೀಳುತ್ತಾನೆ. ಅಲ್ಲ ಅಂದರೆ ಇವನು ವಾಚಕ; ಕಪಟಿಯ ಕೈಯಿಂದ ತಿಳಿದೂ ತೆಗೆದುಕೊಂಡವರನ್ನು ಏನು ಮಾಡಬೇಕೆಂದು ಇವನೇ ಹೇಳಿದ್ದ. ಮಗು ಹಿತ್ತಲಲ್ಲಿ ಪಾರಿವಾಳಕ್ಕೆ ಕಾಳು ಹಾಕುತ್ತಾ ಏನೋ ಹಾಡುತ್ತಿತ್ತು. ಎಳೆ ಕಿತ್ತುಹೋಯಿತು.

"ಅಲ್ಲ ಭಾವ," ಅಂದಳು. "ತೊಗಟೆಯ ಕಷಾಯ. ನೀವು ಬೇಡ ಅಂದ ಮೇಲೆ ಹೋಗಿ ತಂದೆ. ನಾನು ಆಡಿದ್ದು ಸುಳ್ಳು."

ಪಮೂರ್ ಎರಡೂ ಅಂಗೈ ಕೆಳಗಿಳಿಸಿದ. ಬೈಯುತ್ತಾನೆ ಎಂದುಕೊಂಡಳು. ಅವನ ಭುಜ ಕುಣಿಯತೊಡಗಿದವು, ಅಳುತ್ತಿದ್ದಾನೆ ಎಂದುಕೊಂಡಳು. ಅವನು ನಗುತ್ತಿದ್ದ. ಬಾಯಿಗೆ ತೋಳು ಒತ್ತಿಕೊಂಡು, ದನಿ ಹೊರಡಿಸದೆ ನಗುತ್ತಿದ್ದ.

"ಹಾಗಾದ್ರೆ ನಾನು ಬರೀ ಪಮೂರ," ಅಂದ ಕೊನೆಗೆ.

"ಬರೀ ಪಮೂರ."

"ಕುಂಟ?"

"ಅವನು ಮೊದಲಿಂದ್ಲೂ ನಡೀತಿದ್ದನಂತೆ. ಬಿಟ್ಟಿ ಕೆಲಸಕ್ಕೆ ಕರೀತಾರೆ ಅಂತ ಕೋಲು ಹಿಡಿದಿದ್ದ. ಲಮ್ಮೋನ್ ಹೇಳ್ದ."

ಅವನು ಕಣ್ಣೊರೆಸಿಕೊಂಡು ಎದ್ದ. ಬಾಗಿಲಲ್ಲಿ ನಿಂತು, "ನೀನು ಹೇಳಿದ್ದು ನಾನು ಕೇಳ್ಲಿಲ್ಲ. ನೀನೂ ಹೇಳ್ಲಿಲ್ಲ. ಬಾಯಿ ಬಿಡಬೇಡ ಅಂತ ಮಗುಗೂ ಇನ್ನೊಂದ್ಸಲ ಹೇಳು," ಅಂದ. "ಜನ ಹೆದರಿದಾರೆ ತಬೇಸ್. ಹೆದರಿಸಿದ್ದು ನಾನೇ. ಇನ್ನು ನಿಲ್ಲಿಸ್ತೀನಿ ಅಂದ್ರೆ ನಿಲ್ಲಲ್ಲ."

ಅಂದಿನಿಂದ ಅವನು ಎಣ್ಣೆ ಕೊಡುವುದನ್ನು ಬಿಟ್ಟ. ಬಂದವರಿಗೆಲ್ಲ, ನನ್ನಲ್ಲಿ ಏನೂ ಇಲ್ಲ, ಮನೆಗೆ ಹೋಗಿ ಅಂದ. ಜನಕ್ಕೆ ಅದು ಹಿಡಿಸಲಿಲ್ಲ. ನಮಗಾದರೆ ಇಲ್ಲ, ತಮ್ಮನ ಮಗಳಿಗಾದರೆ ಇದೆ ಎಂದರು. ಕೊಡುವ ಕೈ ಮುಚ್ಚಿಕೊಂಡಿದೆ, ಯಾಕೆ ಎಂದು ಕಮೇ ಅಂಗಳದಲ್ಲಿ ಕೇಳಿದ. ಸಂಜೆಯ ಪುಸ್ತಕವೂ ನಿಂತಿತ್ತು. ಪುಸ್ತಕ ನಿಂತ ಮೇಲೆ ಜನರ ತಲೆಯೊಳಗೆ ಅದು ಇನ್ನೂ ಗಟ್ಟಿಯಾಗಿ ಕೇಳಿಸತೊಡಗಿತು.

ಹೀಗಿರುವಾಗ ಪಿಯೆನೆ ಖರ್ಜೂರದ ಮರದಿಂದ ಬಿದ್ದ. ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು, ಹಗ್ಗ ಹಳೆಯದಾಗಿತ್ತು. ಬಿದ್ದವನು ಏಳಲಿಲ್ಲ.

ಹೆರಾಯಿ ಅಳಲಿಲ್ಲ. ಗಂಡನನ್ನು ಬಾಗಿಲ ಹಲಗೆಯ ಮೇಲೆ ಮಲಗಿಸಿ, ನಾಲ್ಕು ಜನರ ಕೈಲಿ ಹೊರಿಸಿಕೊಂಡು ನೇರ ಪ್ರಾರ್ಥನೆಯ ಮನೆಯ ಅಂಗಳಕ್ಕೆ ತಂದಳು. ಊರು ಹಿಂದೆಯೇ ಬಂತು. ತಬೇಸಳೂ ಮಗಳ ಕೈ ಹಿಡಿದುಕೊಂಡು ಬಂದಳು. ಬಾರದಿದ್ದರೆ ಯಾಕೆ ಬರಲಿಲ್ಲ ಎಂದಾಗುತ್ತಿತ್ತು.

ಪಮೂರ್ ಸದ್ದು ಕೇಳಿ ಹೊರಗೆ ಬಂದ. "ಯಾರು?"

"ಪಿಯೆನೆ," ಅಂದಳು ಹೆರಾಯಿ. "ಇನ್ನೂ ಬಿಸಿ ಆರಿಲ್ಲ. ಎಬ್ಬಿಸು."

"ತಾಯೀ—"

"ನಿನ್ನ ತಮ್ಮನ ಮಗಳನ್ನ ಎಬ್ಬಿಸಿದೆ. ನಾನು ಬಟ್ಟೆ ಇಟ್ಟು ಬಂದಿದ್ದೆ, ಅಷ್ಟು ಹತ್ರ ಹೋಗಿದ್ಲು. ಅವಳು ಎದ್ಲು. ಇವನನ್ನೂ ಎಬ್ಬಿಸು. ನನಗೇನೂ ಬೇಡ. ಎಬ್ಬಿಸಿಬಿಡು."

ಪಮೂರ್ ಮೊಣಕಾಲೂರಿ ಕೂತು, ಕೈಯಾಡಿಸಿ ಪಿಯೆನೆಯ ಮುಖ ಹುಡುಕಿ, ತೆರೆದಿದ್ದ ಕಣ್ಣುಗಳನ್ನು ಮುಚ್ಚಿದ. ಅಷ್ಟು ಮಾಡಿ ಕೈ ಹಿಂದೆ ತೆಗೆದುಕೊಂಡ. "ನನ್ನಿಂದ ಆಗಲ್ಲ," ಅಂದ.

ಸತ್ತವರನ್ನೊಂದು ಬಿಟ್ಟು ಎಂದು ಯಾರೂ ಅನ್ನಬೇಕಾಗಿರಲಿಲ್ಲ. ಎಷ್ಟು ಸಂಜೆ ಅದನ್ನೇ ಒಂದೇ ಉಸಿರಿಗೆ ಅಂದಿದ್ದರು. ತಬೇಸಳ ಮುಂದೆ ನಿಂತಿದ್ದ ಗಂಡಸೊಬ್ಬ ಮೆಲ್ಲಗೆ ಬಗ್ಗಿ ನೆಲದಿಂದ ಏನನ್ನೋ ಎತ್ತಿಕೊಂಡ.

ಕಮೇ ಕೇಳಿದ. "ಮಗುವನ್ನ ಎಬ್ಬಿಸಿದವನು ನೀನಲ್ವಾ?"

"ಅಲ್ಲ."

"ಮತ್ತೆ ಯಾರು?"

"ದೇವರು."

"ಯಾರ ಕೈಲಿ?"

ನೋನ್ನಾ ತಲೆಯೆತ್ತಿ, "ಅಮ್ಮಾ, ಆ ಕಹಿ—" ಎಂದು ಶುರುಮಾಡಿದಳು. ತಬೇಸ್ ಅವಳ ಮುಖವನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. ಒತ್ತಿಕೊಂಡೇ ಒಂದು ಹೆಜ್ಜೆ ಮುಂದಿಟ್ಟಳು. ಹೇಳಿಬಿಡುತ್ತೇನೆ ಎಂದು ಬಾಯಿ ತೆರೆದಳು. "ಕೇಳಿ," ಅಂದಳು, "ನಾನು—"

ಆ ದನಿ ಪಮೂರನಿಗೆ ಕೇಳಿಸಿತು. ಅವನು ಅವಳ ಕಡೆ ತಿರುಗಲಿಲ್ಲ. ಎದ್ದು ನಿಂತು, ಕತ್ತು ನೆಟ್ಟಗೆ ಮಾಡಿ, ಪುಸ್ತಕವಿಲ್ಲದ ಕೈಗಳನ್ನು ಮುಂದೆ ಚಾಚಿ ಎತ್ತಿಕೊಂಡ.

"ನದಿ ತನ್ನ ಹಾದಿ ಮರೆಯುವ ದಿನ ಬರುತ್ತದೆ. ಅಂದು ಕಪಟಿ ಬರುತ್ತಾನೆ."

ಅಷ್ಟು ದೊಡ್ಡ ದನಿಯಲ್ಲಿ ಅವನು ಎಂದೂ ಹೇಳಿರಲಿಲ್ಲ. ಅದರ ಕೆಳಗೆ ತಬೇಸಳ ಮಾತು ಗಾಳಿಗೆ ಸಿಕ್ಕ ನೊರೆಯಾಯಿತು. ಅವಳು ಇನ್ನೊಮ್ಮೆ ಕೂಗಿದಳು. ಅವನು ಇನ್ನೂ ಮೇಲೆ ಹೋದ. ಕುಂಟನ ಮಾತು ಬಂತು, ಕುರುಡನ ಮಾತು ಬಂತು. ಜನಕ್ಕೆ ಅಭ್ಯಾಸ, ಕೈಯಲ್ಲಿ ಹೆಂಟೆ ಹಿಡಿದವರೂ ತುಟಿಯಾಡಿಸುತ್ತಿದ್ದರು. ಕೊನೆಗೆ ಎಲ್ಲರೂ ಸೇರಿ ಹೇಳಬೇಕಾದ ಕಡೆ ಎಲ್ಲರೂ ಸೇರಿಯೇ ಹೇಳಿದರು. ಹೆರಾಯಿಯೂ ಹೇಳಿದಳು, ಗಂಡನ ಪಾದ ಹಿಡಿದುಕೊಂಡು. ಹೇಳಿ ಮುಗಿಸಿದ ಮೇಲೆ ಯಾರೂ ಪಮೂರನನ್ನು ಹೆಸರು ಹಿಡಿದು ಕರೆಯಲಿಲ್ಲ.

ಅವನು ಕಲ್ಲಿಗೆ ತಲೆಯೊಡ್ಡಿ ನಿಂತಿದ್ದ. ಕಮೇ ಕೈಯೆತ್ತಿ ತಡೆದ. "ವಾಚಕನಾಗಿದ್ದೋನು. ಊರಿನ ನೆಲದ ಮೇಲೆ ರಕ್ತ ಬೇಡ. ನದಿ ಬರೋವರೆಗೆ ಗೋಪುರದಲ್ಲಿರ್ಲಿ. ಅದು ಯಾವಾಗ ಬರುತ್ತೋ, ದೇವರಿಗೆ ಬಿಟ್ಟಿದ್ದು." ಆಮೇಲೆ ಸ್ವಲ್ಪ ಯೋಚಿಸಿ, "ಈ ಸಲ ಕಿಂಡಿ ಬೇಡ. ಆ ದನಿ ಹೊರಗೆ ಬರ್ಬಾರ್ದು," ಅಂದ.

ಬಾಗಿಲಿಗೆ ಇಟ್ಟಿಗೆ ಇಡುವುದು ಇಳಿಹೊತ್ತಿನಲ್ಲಿ ಶುರುವಾಯಿತು. ಮನೆಗೊಂದು. ಒಳಗೆ ಅವನು ಹೇಳುತ್ತಲೇ ಇದ್ದ, ಮೊದಲಿಂದ ಕೊನೆಗೆ, ಕೊನೆಯಿಂದ ಮೊದಲಿಗೆ. ಒಂದೊಂದು ಸಾಲು ಏರಿದಂತೆ ದನಿ ಕಿರಿದಾಗುತ್ತಾ ಬಂತು. ಲಮ್ಮೋನ್ ತನ್ನದನ್ನಿಟ್ಟು ಯಾರ ಮುಖವನ್ನೂ ನೋಡದೆ ದೋಣಿಯ ಕಡೆ ಹೋದ. ತಬೇಸಳ ಸರದಿ ಬರುವಾಗ ಎದೆಯೆತ್ತರದ ಸಾಲಿನಲ್ಲಿ ಒಂದು ಇಟ್ಟಿಗೆಯಷ್ಟು ಜಾಗ ಉಳಿದಿತ್ತು.

ಅವಳು ಇಟ್ಟಿಗೆಯನ್ನು ಒಣಗಾಗಿಯೇ ಇಟ್ಟಳು. ಒಂದು ಕೈಯಲ್ಲಿ ಮಗಳಿದ್ದಳಲ್ಲ, ಮಣ್ಣು ಹಚ್ಚಲು ಆಗಲಿಲ್ಲ ಎಂದು ನೋಡಿದವರಿಗೆ ಅನ್ನಿಸಲಿ ಎಂದು. ಒತ್ತದೆ, ಅಂಚಿಗೆ ಕೂರಿಸಿದಳು. ನಾಳೆ ಮಧ್ಯಾಹ್ನ ನೀರು ತಂದು ಬೆರಳು ತೂರಿಸಿದರೆ ಬರಬೇಕು, ಹಾಗೆ.

ಹಿಂದೆ ಹೆರಾಯಿ ನಿಂತಿದ್ದಳು. ಅವಳು ಇಟ್ಟಿಗೆಯನ್ನು ನೋಡಿದಳು, ಅದರ ಸುತ್ತ ಕಾಣುತ್ತಿದ್ದ ಕಪ್ಪು ಸಂದನ್ನು ನೋಡಿದಳು. ಆಮೇಲೆ ನೋನ್ನಾಳ ಮುಖವನ್ನು ಬಹಳ ಹೊತ್ತು ನೋಡಿದಳು.

"ಮಣ್ಣು ಮರ್ತೆಯಲ್ಲೇ ತಬೇಸ್," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ತನ್ನ ಬುಟ್ಟಿಯಿಂದ ಹಸಿ ಮಣ್ಣಿನ ಮುದ್ದೆಯೊಂದನ್ನು ತೆಗೆದು ಮುಂದೆ ಹಿಡಿದಳು. "ತಗೋ. ನಿನ್ನ ಮನೇದು, ನೀನೇ ಹಚ್ಬೇಕು."

ಕಮೇ ನೋಡುತ್ತಿದ್ದ. ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿದ್ದರು. ಗೋಡೆಯಾಚೆ ಪಮೂರ್ ಒಂದು ಕ್ಷಣವೂ ನಿಲ್ಲಿಸದೆ ಹೇಳುತ್ತಿದ್ದ. ಅವಳು ಅಲ್ಲಿ ನಿಂತಿದ್ದಾಳೆಂದು ಗೊತ್ತಾಗಿಯೂ ನಿಲ್ಲಿಸಲಿಲ್ಲ.

ತಬೇಸ್ ಮಗಳ ಕೈ ಬಿಡಲಿಲ್ಲ. ಇನ್ನೊಂದು ಕೈಯಿಂದ ಮಣ್ಣು ತೆಗೆದುಕೊಂಡು, ಸಂದಿನ ಸುತ್ತ, ಮೇಲಿಂದ ಕೆಳಗೆ, ನಿಧಾನವಾಗಿ ಹಚ್ಚಿದಳು.